ಪೋರ್ಟು, ಡಾಂಗಲ್ಲು ಮತ್ತು ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದುಕೊಂಡು ಬಂದಿವೆ. ಲ್ಯಾಪ್‌ಟಾಪ್ ತೆಳ್ಳಗಿದೆ, ಹಗುರ ಇದೆ, ಆದರೆ ಏನಾದರೂ ಚುಚ್ಚೋಣ ಅಂದರೆ ಜಾಗವೇ ಇಲ್ಲ. ಅದಕ್ಕೇ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಈ ಬಾರಿ ಪೋರ್ಟು, ಕನ್ವರ್ಟರ್ (ಡಾಂಗಲ್ ಅನ್ನೋದೂ ಇದನ್ನೇ), ಹಬ್ ಇವುಗಳದ್ದೇ ಮಾತು.

ಪ್ರಶ್ನೆ: ನನ್ನ ಹೊಸ ಲ್ಯಾಪ್‌ಟಾಪ್‌ನಲ್ಲಿ ಎರಡು ಟೈಪ್-ಸಿ ಬಿಟ್ಟರೆ ಬೇರೇನೂ ಇಲ್ಲ. ಎಚ್‌ಡಿಎಂಐ ಕನ್ವರ್ಟರ್ ತಗೊಂಡೆ, ಮನೆಯ ಟಿವಿಗೆ ಸರಿಯಾಗಿ ಬರುತ್ತದೆ. ಕಾಲೇಜಿನ ಪ್ರೊಜೆಕ್ಟರ್ ಹಳೆಯದು, ನೀಲಿ ತಲೆಯ ವಿಜಿಎ ಕೇಬಲ್. ಅದಕ್ಕೆ ಇನ್ನೊಂದು ಕನ್ವರ್ಟರ್ ಸೇರಿಸಿದರೆ ಒಮ್ಮೆ ಚಿತ್ರ ಬರುತ್ತದೆ, ಒಮ್ಮೆ 'ನೋ ಸಿಗ್ನಲ್'. ಮಕ್ಕಳ ಮುಂದೆ ಕೇಬಲ್ ಅಲ್ಲಾಡಿಸಿಕೊಂಡು ನಿಲ್ಲಬೇಕು. ತಪ್ಪು ಲ್ಯಾಪ್‌ಟಾಪ್‌ನದ್ದೋ, ಪ್ರೊಜೆಕ್ಟರ್‌ನದ್ದೋ?
– ಪದವಿ ಕಾಲೇಜು ಉಪನ್ಯಾಸಕಿ, ಹಾವೇರಿ ಜಿಲ್ಲೆ

ಉತ್ತರ: ಬಹುತೇಕ ಎರಡರದ್ದೂ ಅಲ್ಲ ಮೇಡಂ, ಮಧ್ಯೆ ಕೂತಿರುವ ಎರಡು ಕನ್ವರ್ಟರ್‌ಗಳದ್ದು. ವಿಜಿಎ ಅನ್ನೋದು ಐಬಿಎಂ 1987ರಲ್ಲಿ ತಂದದ್ದು, ಅನಲಾಗ್ ಸಿಗ್ನಲ್. ನಿಮ್ಮ ಲ್ಯಾಪ್‌ಟಾಪ್ ಕಳಿಸೋದು ಡಿಜಿಟಲ್. ಹಾಗಾಗಿ ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವ ಕನ್ವರ್ಟರ್ ಬರೀ ತಂತಿ ಅಲ್ಲ, ಅದರೊಳಗೆ ಒಂದು ಚಿಪ್ ಇದೆ, ಅದಕ್ಕೆ ಕರೆಂಟ್ ಬೇಕು. ಆ ಕರೆಂಟನ್ನು ಅದು ಎಚ್‌ಡಿಎಂಐಯ 5 ವೋಲ್ಟ್ ಪಿನ್‌ನಿಂದ ಎಳೆಯುತ್ತದೆ. ಆ ಪಿನ್‌ನಲ್ಲಿ ಕನಿಷ್ಠ 55 ಮಿಲಿಆಂಪ್ ಕೊಡಬೇಕು ಅಂತಷ್ಟೇ ನಿಯಮ ಇರೋದು. ನಿಮ್ಮ ಮೊದಲ ಕನ್ವರ್ಟರ್ ಅಷ್ಟನ್ನೇ ಕೊಡುವಂಥದ್ದಾಗಿದ್ದು, ಎರಡನೆಯದು ಅದಕ್ಕಿಂತ ಜಾಸ್ತಿ ಕೇಳುವಂಥದ್ದಾದರೆ ಇವತ್ತು ಬಂತು, ನಾಳೆ ಇಲ್ಲ ಅನ್ನೋ ಆಟ ಶುರು. ಕೆಲವು ವಿಜಿಎ ಕನ್ವರ್ಟರ್‌ಗಳ ಪಕ್ಕದಲ್ಲಿ ಚಿಕ್ಕ ಚಾರ್ಜಿಂಗ್ ತೂತು ಇರುವುದು ಇದಕ್ಕೇ. ನಿಮ್ಮದರಲ್ಲಿ ಇದ್ದರೆ ಒಂದು ಮೊಬೈಲ್ ಚಾರ್ಜರ್ ಸಿಕ್ಕಿಸಿ ನೋಡಿ, ಸಮಸ್ಯೆ ಅಲ್ಲೇ ಮುಗಿದರೂ ಮುಗಿಯಬಹುದು.

ಇನ್ನೊಂದು ಕಾರಣ ಛಾವಣಿಯಲ್ಲಿದೆ. ವಿಜಿಎ ಕೇಬಲ್‌ನಲ್ಲಿ ಚಿತ್ರದ ತಂತಿಗಳ ಜೊತೆ, 'ನಾನು ಇಂಥ ಪ್ರೊಜೆಕ್ಟರ್, ನನ್ನಿಂದ ಇಷ್ಟು ರೆಸಲ್ಯೂಶನ್ ಆಗುತ್ತೆ' ಅಂತ ಲ್ಯಾಪ್‌ಟಾಪ್‌ಗೆ ಹೇಳುವ ತಂತಿಗಳೂ ಇರುತ್ತವೆ. ಯಾವತ್ತೋ ಗೋಡೆಯೊಳಗೆ ಎಳೆದ ಉದ್ದ ಕೇಬಲ್‌ಗಳಲ್ಲಿ ಈ ಸಣ್ಣ ತಂತಿಗಳು ತುಂಡಾಗಿರುತ್ತವೆ, ಅಥವಾ ಅಗ್ಗದ ಕೇಬಲ್ ಆದರೆ ಮೊದಲಿಂದಲೇ ಇರುವುದಿಲ್ಲ. ಆಗ ಲ್ಯಾಪ್‌ಟಾಪ್ ಊಹೆ ಮಾಡಿ ಪ್ರೊಜೆಕ್ಟರ್‌ಗೆ ಆಗದ ರೆಸಲ್ಯೂಶನ್ ಕಳಿಸುತ್ತದೆ, ಪರದೆ ಕಪ್ಪು. ವಿಂಡೋಸ್ ಕೀ ಜೊತೆ ಪಿ ಒತ್ತಿ 'ಡೂಪ್ಲಿಕೇಟ್' ಆರಿಸಿ, ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1024×768ಕ್ಕೆ ಇಳಿಸಿ ನೋಡಿ. ಕಾಲೇಜಿನ ಹಳೆಯ ಪ್ರೊಜೆಕ್ಟರ್‌ಗಳಲ್ಲಿ ಅರ್ಧಕ್ಕರ್ಧ ಇದಕ್ಕೇ ದಾರಿಗೆ ಬರುತ್ತವೆ.

ಇಷ್ಟರ ಮೇಲೂ ಆಗದಿದ್ದರೆ ಎರಡು ಕನ್ವರ್ಟರ್‌ಗಳನ್ನೂ ಬಿಟ್ಟು, ಟೈಪ್-ಸಿಯಿಂದ ನೇರವಾಗಿ ವಿಜಿಎಗೆ ಹೋಗುವ ಒಂದನ್ನು ತಗೊಳ್ಳಿ. ಎಚ್‌ಡಿಎಂಐ, ವಿಜಿಎ ಎರಡೂ ಇರುವುದು ಸಿಗುತ್ತದೆ. ನಿಮ್ಮ ಟೈಪ್-ಸಿಯಿಂದ ಚಿತ್ರ ಹೊರಗೆ ಬರುತ್ತದೆ ಅನ್ನೋದು ಮನೆಯ ಟಿವಿಯಲ್ಲೇ ಸಾಬೀತಾಗಿದೆಯಲ್ಲ, ಆ ಚಿಂತೆ ಬೇಡ. ಸಾಧ್ಯವಾದರೆ ವಿಭಾಗದಿಂದಲೇ ಒಂದನ್ನು ತರಿಸಿ, ಪ್ರೊಜೆಕ್ಟರ್ ಕೇಬಲ್‌ನ ತುದಿಗೇ ಕಾಯಂ ಕಟ್ಟಿಬಿಡಿ. ಕನ್ವರ್ಟರ್ ಇರಬೇಕಾದದ್ದು ನಿಮ್ಮ ಬ್ಯಾಗಿನಲ್ಲಲ್ಲ, ತರಗತಿಯಲ್ಲಿ. ಹಳೇ ಪ್ರೊಜೆಕ್ಟರ್ ಕಾಲೇಜಿನದ್ದು ತಾನೇ?

ಪ್ರಶ್ನೆ: ಎಲ್ಲಾ ಪೋರ್ಟ್ ಇದ್ದ ಲ್ಯಾಪ್‌ಟಾಪ್ ಚೆನ್ನಾಗೇ ಇತ್ತಲ್ಲ, ಕಂಪನಿಗಳು ಯಾಕೆ ಕಿತ್ತು ಹಾಕಿದವು? ಡಾಂಗಲ್ ಮಾರೋದಕ್ಕಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಉತ್ತರ: ನಿನ್ನ ಅನುಮಾನದಲ್ಲಿ ಸ್ವಲ್ಪ ಸತ್ಯ ಇದೆ, ಪೂರ್ತಿ ಇಲ್ಲ. ಈ ಕಥೆಯಲ್ಲಿ ಆ್ಯಪಲ್‌ನ ಹೆಸರು ಜಾಸ್ತಿ ಬರುತ್ತದೆ, ಯಾಕಂದರೆ ಕೀಳುವ ಕೆಲಸ ಮೊದಲು ಮಾಡೋದು ಅವರೇ. 1998ರ ಐಮ್ಯಾಕ್‌ನಲ್ಲಿ ಫ್ಲಾಪಿ ಡ್ರೈವ್ ತೆಗೆದು, ಹಳೆಯ ಕೀಬೋರ್ಡ್-ಪ್ರಿಂಟರ್ ಪೋರ್ಟ್‌ಗಳ ಬದಲು ಯುಎಸ್‌ಬಿ ಕೊಟ್ಟರು. ಜನ ಬೈದರು, ಆಮೇಲೆ ಇಡೀ ಜಗತ್ತು ಯುಎಸ್‌ಬಿಗೆ ಬಂತು. 2008ರ ಮೊದಲ ಮ್ಯಾಕ್‌ಬುಕ್ ಏರ್‌ನಲ್ಲಿ ಒಂದೇ ಒಂದು ಯುಎಸ್‌ಬಿ, ನೆಟ್‌ವರ್ಕ್ ಕೇಬಲ್‌ಗೆ ಜಾಗವೇ ಇಲ್ಲ. ಅದಕ್ಕೂ ಒಂದು ಸಮರ್ಥನೆ ಇತ್ತು. ಆರ್‌ಜೆ-45, ಅಂದರೆ ಲ್ಯಾನ್ ಕೇಬಲ್ ಚುಚ್ಚುವ ಸಾಕೆಟ್, ಒಂದು ಸೆಂಟಿಮೀಟರ್‌ಗಿಂತ ಎತ್ತರ. ಅಂಚಿನಲ್ಲಿ ಅಷ್ಟು ದಪ್ಪ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಕೂರಿಸಲು ಆಗೋದಿಲ್ಲ. ಕೆಲವು ಕಂಪನಿಗಳು ಕೆಳದವಡೆ ತೆರೆದುಕೊಳ್ಳುವಂಥ ಸಾಕೆಟ್ ಮಾಡಿ ಉಳಿಸಿಕೊಂಡವು, ಅದು ಬೇರೆ ಮಾತು.

ಮುಂದೆ ಟೈಪ್-ಸಿ ಬಂತು, ಅದರ ವಿನ್ಯಾಸ ಅಂತಿಮವಾಗಿದ್ದು 2014ರಲ್ಲಿ. 24 ಪಿನ್, ಹೇಗೆ ತಿರುಗಿಸಿ ಹಾಕಿದರೂ ಸರಿ, ಒಂದೇ ತೂತಿನಲ್ಲಿ ಚಾರ್ಜಿಂಗ್, ಡೇಟಾ, ಚಿತ್ರ ಎಲ್ಲ. 2015ರ 12 ಇಂಚಿನ ಮ್ಯಾಕ್‌ಬುಕ್‌ನಲ್ಲಿ ಇದೊಂದು ಮತ್ತು ಹೆಡ್‌ಫೋನ್ ಜಾಕ್, ಅಷ್ಟೇ. 2016ರಲ್ಲಿ ಕೆಲಸದವರು ಕೊಳ್ಳುವ ಮ್ಯಾಕ್‌ಬುಕ್ ಪ್ರೊನಿಂದಲೂ ಎಚ್‌ಡಿಎಂಐ, ಎಸ್‌ಡಿ ಕಾರ್ಡ್, ಹಳೇ ಯುಎಸ್‌ಬಿ (ಮಾಮೂಲಿ ಪೆನ್‌ಡ್ರೈವ್ ಹಾಕುವ ಅಗಲ ತೂತು), ಅಯಸ್ಕಾಂತದ ಚಾರ್ಜರ್ ಎಲ್ಲ ಮಾಯ. ಗಲಾಟೆ ಎಷ್ಟಾಯಿತು ಅಂದರೆ ಕೆಲವೇ ದಿನಗಳಲ್ಲಿ ಆ್ಯಪಲ್ ತನ್ನ ಅಡಾಪ್ಟರ್‌ಗಳ ಬೆಲೆಯನ್ನು ತಾತ್ಕಾಲಿಕವಾಗಿ ಇಳಿಸಬೇಕಾಯಿತು. ಐದು ವರ್ಷ ಆದಮೇಲೆ, 2021ರ ಅಕ್ಟೋಬರ್‌ನಲ್ಲಿ, ಅದೇ ಮ್ಯಾಕ್‌ಬುಕ್ ಪ್ರೊಗೆ ಎಚ್‌ಡಿಎಂಐ, ಎಸ್‌ಡಿ ಕಾರ್ಡ್, ಅಯಸ್ಕಾಂತದ ಚಾರ್ಜರ್ ಮೂರೂ ವಾಪಸ್ ಬಂದವು. ಹಳೇ ಯುಎಸ್‌ಬಿ ಮಾತ್ರ ಬರಲಿಲ್ಲ.

ಇಷ್ಟರಲ್ಲೇ ಉತ್ತರ ಇದೆ ನೋಡು. ತೆಳ್ಳಗೆ ಮಾಡಲು ಪೋರ್ಟ್ ಕೀಳಲೇಬೇಕು ಅನ್ನೋದು ಲ್ಯಾನ್ ವಿಷಯದಲ್ಲಿ ನಿಜ, ಎಚ್‌ಡಿಎಂಐ ವಿಷಯದಲ್ಲಿ ಅಷ್ಟು ನಿಜ ಅಲ್ಲ. ಎಲ್‌ಜಿ ಗ್ರಾಮ್ 14 ಇಂಚಿನ ಲ್ಯಾಪ್‌ಟಾಪ್ ಒಂದು ಕಿಲೋ ಹತ್ತಿರ ತೂಗುತ್ತದೆ, ಅದರಲ್ಲಿ ಎಚ್‌ಡಿಎಂಐಯೂ ಹಳೇ ಯುಎಸ್‌ಬಿಯೂ ಇವೆ. ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್‌ನಲ್ಲೂ ಇವೆ. ಇನ್ನು ಫ್ರೇಮ್‌ವರ್ಕ್ ಅನ್ನೋ ಅಮೆರಿಕದ ಕಂಪನಿ 2021ರಿಂದ ಬೇರೆಯೇ ದಾರಿ ಹಿಡಿದಿದೆ. ಅವರ ಲ್ಯಾಪ್‌ಟಾಪ್‌ನ ಅಂಚಿನಲ್ಲಿ ಚೌಕಾಕಾರದ ಖಾಲಿ ಜಾಗಗಳಿವೆ, ಬೇಕಾದ ಪೋರ್ಟಿನ ಪುಟ್ಟ ಡಬ್ಬಿ ಕೊಂಡು ಅದರೊಳಗೆ ತಳ್ಳಿಕೊಳ್ಳಬಹುದು. ತಮಾಷೆ ಅಂದರೆ ಒಳಗೆ ಅದೂ ಟೈಪ್-ಸಿ ಡಾಂಗಲ್ಲೇ. ಹೊರಗೆ ನೇತಾಡುವುದಿಲ್ಲ, ಮನೆಯಲ್ಲಿ ಮರೆತು ಬರೋದಿಲ್ಲ, ಅಷ್ಟೇ ವ್ಯತ್ಯಾಸ. ಆದರೆ ಡಾಂಗಲ್‌ನ ನಿಜವಾದ ತೊಂದರೆ ಇದ್ದದ್ದೂ ಆ ಎರಡರಲ್ಲೇ ಅಲ್ವಾ?

ಪ್ರಶ್ನೆ: ನಾನು ತೆರಿಗೆ ಸಲಹೆಗಾರ. ಕಕ್ಷಿದಾರರ ಡಿಎಸ್‌ಸಿ ಟೋಕನ್‌ಗಳನ್ನು (ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವ್‌ನಂಥ ಸಾಧನ) ದಿನಕ್ಕೆ ಹತ್ತಾರು ಸಲ ಹಾಕಿ ತೆಗೆಯಬೇಕು. ಮಗ ಕೊಡಿಸಿದ ಹೊಸ ಲ್ಯಾಪ್‌ಟಾಪ್‌ನಲ್ಲಿ ಹಳೇ ಯುಎಸ್‌ಬಿ ಒಂದೂ ಇಲ್ಲ. ಸಣ್ಣ ಓಟಿಜಿ ಪಿನ್ ಹಾಕಿ ಬಳಸುತ್ತಿದ್ದೇನೆ, ಸಹಿ ಹಾಕುವ ಮಧ್ಯದಲ್ಲೇ 'ಟೋಕನ್ ನಾಟ್ ಫೌಂಡ್'. ಏನು ಮಾಡಲಿ?
– ದಾವಣಗೆರೆಯಿಂದ ಒಬ್ಬ ಓದುಗರು

ಉತ್ತರ: ಮಗನಿಗೆ ಬೇಜಾರಾಗದಂತೆ ಹೇಳಿ, ಆ ಲ್ಯಾಪ್‌ಟಾಪ್ ಅವನೇ ಇಟ್ಟುಕೊಳ್ಳಲಿ. ನಿಮಗೆ ಕನಿಷ್ಠ ಎರಡು ಹಳೇ ಯುಎಸ್‌ಬಿ ಮೈಮೇಲೇ ಇರುವ ಯಂತ್ರ ಬೇಕು, ನೋಡಲು ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ. ನಾನು ಸಾಮಾನ್ಯವಾಗಿ ಹೇಳೋದು ಇಷ್ಟು: ವಾರಕ್ಕೊಮ್ಮೆಯಾದರೂ ಬಳಸುವ ಪೋರ್ಟ್ ಲ್ಯಾಪ್‌ಟಾಪ್‌ನ ಮೈಯಲ್ಲೇ ಇರಲಿ, ವರ್ಷಕ್ಕೆ ಎರಡು ಸಲ ಬೇಕಾಗುವುದಕ್ಕೆ ಡಾಂಗಲ್ ಸಾಕು. ನಿಮ್ಮದು ದಿನಕ್ಕೆ ಹತ್ತಾರು ಸಲ. ಅದೂ ಕೊನೇ ದಿನಾಂಕದ ಸಂಜೆ, ಪೋರ್ಟಲ್ ಆಮೆಯಂತೆ ತೆವಳುತ್ತಿರುವಾಗ. ಟೆಂಡರ್ ಹಾಕುವವರ ಪಾಡೂ ಇದೇ, ಅಲ್ಲಂತೂ ಗಡುವು ಮುಗಿದರೆ ಮುಗಿಯಿತು.

ಈಗ ಸದ್ಯಕ್ಕೆ ಏನು ಮಾಡಬಹುದು ಅಂದರೆ, ಆ ಗಟ್ಟಿ ಪುಟ್ಟ ಪಿನ್ ಬಿಟ್ಟು ಒಂದು ಗೇಣು ಕೇಬಲ್ ಇರುವ ಟೈಪ್-ಸಿ ಕನ್ವರ್ಟರ್ ತಗೊಳ್ಳಿ. ಪಿನ್ ಮತ್ತು ಟೋಕನ್ ಸೇರಿ ಉದ್ದಕ್ಕೆ ಚಾಚಿಕೊಂಡಾಗ ಕೈ ತಾಗಿದರೆ ಸಾಕು, ಇಡೀ ಭಾರ ಪೋರ್ಟ್ ಮೇಲೆ ಬೀಳುತ್ತದೆ, ಒಂದು ಕ್ಷಣ ಸಂಪರ್ಕ ತಪ್ಪುತ್ತದೆ. ನೀವು ಕೇಬಲ್ ಸರಿ ಮಾಡಿದ ಕೂಡಲೇ ವಿಂಡೋಸ್ ಟೋಕನ್ ಗುರುತಿಸಬಹುದು, ಆದರೆ ಸಹಿ ಮಾಡುವ ತಂತ್ರಾಂಶ ಅದನ್ನು ಮರೆತಾಗಿರುತ್ತದೆ, ಬ್ರೌಸರ್ ಮುಚ್ಚಿ ಮೊದಲಿಂದ ಶುರು ಮಾಡಬೇಕು. ಕೇಬಲ್ ಇದ್ದರೆ ಟೋಕನ್ ಮೇಜಿನ ಮೇಲೆ ಮಲಗಿರುತ್ತದೆ. ಕನ್ವರ್ಟರ್ ಲ್ಯಾಪ್‌ಟಾಪ್‌ನಲ್ಲಿ ಹಾಗೇ ಇರಲಿ, ಟೋಕನ್ ಮಾತ್ರ ತೆಗೆದು ಹಾಕಿ. ಮತ್ತೆ, ಒಂದೇ ಸಲ ಎರಡು ಟೋಕನ್ ಹಾಕಬೇಡಿ.

ಪ್ರಶ್ನೆ: ಗ್ರಾಮ ಒನ್ ಕೇಂದ್ರ ನಡೆಸುತ್ತೇನೆ. ಲ್ಯಾಪ್‌ಟಾಪ್‌ಗೆ ಬೆರಳಚ್ಚು (ಬಯೋಮೆಟ್ರಿಕ್) ಯಂತ್ರ, ಪ್ರಿಂಟರ್, ಸ್ಕ್ಯಾನರ್, ವೆಬ್‌ಕ್ಯಾಮ್, ಮೌಸ್ ಎಲ್ಲ ಬೇಕು. ಹಬ್ ಹಾಕಿದರೆ ಬೆರಳಚ್ಚು ಯಂತ್ರ ಕೈಕೊಡುತ್ತದೆ.
– ಕೊಪ್ಪಳ ಜಿಲ್ಲೆ

ಉತ್ತರ: ಹಬ್ ಅಂದರೆ ಒಂದು ಪೋರ್ಟನ್ನು ನಾಲ್ಕು ಮಾಡಿ ಹಂಚುವುದು. ತೂತು ನಾಲ್ಕಾಗುತ್ತದೆ, ಕರೆಂಟ್ ನಾಲ್ಕರಷ್ಟಾಗುವುದಿಲ್ಲ. ಹಳೇ ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್, ಯುಎಸ್‌ಬಿ 3.0 ಆದರೆ 900. ಕರೆಂಟ್ ಹೀರುವ ಬೆರಳಚ್ಚು ಯಂತ್ರವನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಹಾಕಿ, ಮೌಸ್, ಪ್ರಿಂಟರ್ ಹಬ್‌ಗೆ ಹೋಗಲಿ. ಪ್ರಿಂಟರ್‌ಗೆ ಅದರದೇ ಪವರ್ ಇದೆ. ಆಮೇಲೂ ತೊಂದರೆ ಇದ್ದರೆ ಸ್ವಂತ ಅಡಾಪ್ಟರ್ ಇರುವ ಹಬ್ ತಗೊಳ್ಳಿ. ಒಂದು ವಿಷಯ ಮಾತ್ರ ನೆನಪಿರಲಿ: ಕರೆಂಟ್ ಹೋದರೂ ಲ್ಯಾಪ್‌ಟಾಪ್ ನಡೆಯುತ್ತದೆ ಅಂತ ತಾನೇ ನೀವು ಡೆಸ್ಕ್‌ಟಾಪ್ ಬಿಟ್ಟಿದ್ದು? ಹಬ್‌ನ ಅಡಾಪ್ಟರ್ ಗೋಡೆಯ ಪ್ಲಗ್‌ನಲ್ಲಿದ್ದರೆ ಅದು ಕರೆಂಟ್ ಜೊತೆಗೇ ಹೋಗುತ್ತದೆ. ಅದನ್ನು ಯುಪಿಎಸ್‌ಗೆ ಕೊಡಿ.

ಪ್ರಶ್ನೆ: ಮದುವೆ ಫೋಟೋ, ವಿಡಿಯೋ ಮಾಡುತ್ತೇನೆ. ಮೊದಲಿನ ಲ್ಯಾಪ್‌ಟಾಪ್‌ನಲ್ಲಿ ಕಾರ್ಡ್ ಸ್ಲಾಟ್ ಇತ್ತು, ಈಗ 'ಒಂದರಲ್ಲೇ ಏಳು' ಅಂತ ಬರೆದ ಹಬ್. ಕಾಪಿ ತುಂಬಾ ನಿಧಾನ, ಹಬ್ ಮುಟ್ಟಿದರೆ ಸುಡುತ್ತದೆ. ಹೆಚ್ಚು ದುಡ್ಡಿನ ಕಾರ್ಡ್ ತಗೊಂಡರೂ ವ್ಯತ್ಯಾಸ ಇಲ್ಲ.
– ಶಿರಸಿ

ಉತ್ತರ: ಕಾರ್ಡ್ ಬದಲಿಸಿದ್ದು ಸುಮ್ನೆ ಖರ್ಚು. ಅಗ್ಗದ ಹಬ್‌ಗಳಲ್ಲಿ ಒಂದು ಚಾಲಾಕಿತನ ಇರುತ್ತದೆ. ಡಬ್ಬದ ಮೇಲೆ ದೊಡ್ಡದಾಗಿ ಯುಎಸ್‌ಬಿ 3.0 ಅಂತ ಇರುತ್ತದೆ, ಅದು ನೀಲಿ ಪೋರ್ಟ್‌ಗೆ ಮಾತ್ರ. ಕಾರ್ಡ್ ಸ್ಲಾಟನ್ನು ಒಳಗೊಳಗೇ 2.0 ತಂತಿಗೆ ಸೇರಿಸಿರುತ್ತಾರೆ. 2.0 ಅಂದರೆ ಸೆಕೆಂಡಿಗೆ 480 ಮೆಗಾಬಿಟ್, ಲೆಕ್ಕದಲ್ಲಿ 60 ಮೆಗಾಬೈಟ್, ಕೈಗೆ ಸಿಗೋದು 35-40. ಆ ವೇಗದಲ್ಲಿ 64 ಜಿಬಿ ಕಾರ್ಡ್ ಖಾಲಿ ಮಾಡಲು ಹತ್ತಿರ ಹತ್ತಿರ ಅರ್ಧ ಗಂಟೆ. ಸಾಮಾನ್ಯ ಯುಎಚ್‌ಎಸ್-1 ಕಾರ್ಡೇ ಸರಿಯಾದ ರೀಡರ್‌ನಲ್ಲಿ ಸೆಕೆಂಡಿಗೆ 90 ಮೆಗಾಬೈಟ್ ಆಸುಪಾಸು ಕೊಡುತ್ತದೆ, ಅದೇ ಕೆಲಸ ಹನ್ನೆರಡು ನಿಮಿಷ. ನೀವು ಹೆಚ್ಚು ದುಡ್ಡು ಕೊಟ್ಟದ್ದು ಯುಎಚ್‌ಎಸ್-2 ಕಾರ್ಡ್ ಆಗಿದ್ದರೆ (ಹಿಂಬದಿಯಲ್ಲಿ ಎರಡು ಸಾಲು ಚಿನ್ನದ ಬಣ್ಣದ ಪಟ್ಟಿ ಇರುತ್ತದೆ), ಅದರ ಎರಡನೇ ಸಾಲನ್ನು ನಿಮ್ಮ ಹಬ್ ಮುಟ್ಟುತ್ತಲೂ ಇಲ್ಲ.

ಇನ್ನು ಬಿಸಿ. ಚಾರ್ಜರ್, ಮಾನಿಟರ್, ಹಾರ್ಡ್‌ಡಿಸ್ಕ್, ಕಾರ್ಡ್ ನಾಲ್ಕೂ ಒಂದೇ ಪುಟ್ಟ ಡಬ್ಬದ ಮೂಲಕ ಹೋದರೆ ಬಿಸಿ ಆಗದೆ ಏನಾಗುತ್ತದೆ? ಬೆಚ್ಚಗಾಗುವುದು ಸಹಜ, ಕೈ ಇಡಲಾಗದಷ್ಟು ಸುಡುವುದು ಸಹಜ ಅಲ್ಲ. ಚಾರ್ಜರನ್ನು ಹಬ್ ಮೂಲಕ ಕೊಡಬೇಡಿ, ಲ್ಯಾಪ್‌ಟಾಪ್‌ನ ಇನ್ನೊಂದು ಟೈಪ್-ಸಿಗೆ ನೇರ ಹಾಕಿ. ಅಂದಹಾಗೆ, ಹಬ್ ತನ್ನ ಪಾಲಿನ ವಾಟ್ ಇಟ್ಟುಕೊಂಡೇ ಉಳಿದದ್ದನ್ನು ಮುಂದೆ ಬಿಡುವುದು. 100 ವಾಟ್ ಅಂತ ಬರೆದ ಎಷ್ಟೋ ಹಬ್‌ಗಳಿಂದ ಲ್ಯಾಪ್‌ಟಾಪ್‌ಗೆ ತಲುಪುವುದು 85 ವಾಟ್ ಅಷ್ಟೇ.

ನಿಮ್ಮ ಕೆಲಸದಲ್ಲಿ ಮುಖ್ಯವಾದ ಮಾತು ಬೇರೆ ಇದೆ. ಕಾಪಿ ಆಗುತ್ತಿರುವಾಗ ಯಾರೋ ಹಬ್ ಎಡವಿದರೆ ಫೈಲ್ ಅರ್ಧಕ್ಕೇ ನಿಲ್ಲುತ್ತದೆ, ಕೆಲವೊಮ್ಮೆ ಕಾರ್ಡೇ ಓದಲು ಬಾರದಂತಾಗುತ್ತದೆ. ಮುಹೂರ್ತದ ಫೋಟೋ ಮತ್ತೊಮ್ಮೆ ತೆಗೆಯಲು ಆಗುತ್ತದೆಯೇ? ಆದ್ದರಿಂದ 'ಕಟ್' ಬೇಡವೇ ಬೇಡ, 'ಕಾಪಿ' ಮಾತ್ರ. ಎರಡು ಕಡೆ ಕಾಪಿ ಮಾಡಿ, ಫೋಟೋ ತೆರೆದು ನೋಡಿ, ಆಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಹಬ್ ಬಿಟ್ಟು ಕಾರ್ಡಿಗೆಂದೇ ಇರುವ ಒಳ್ಳೇ ರೀಡರ್ ಒಂದು ಕೊಳ್ಳಿ. ಮುಂದಿನ ಲ್ಯಾಪ್‌ಟಾಪ್ ತಗೊಳ್ಳುವಾಗ ಕಾರ್ಡ್ ಸ್ಲಾಟ್ ಇಲ್ಲದಿದ್ದರೆ ಅಂಗಡಿಯಿಂದ ಎದ್ದು ಬನ್ನಿ.

ಪ್ರಶ್ನೆ: ಮಗಳಿಗೆ ಕಾಲೇಜಿಗೆ ಲ್ಯಾಪ್‌ಟಾಪ್ ಕೊಡಿಸಬೇಕು. ಅಂಗಡಿಯವರು 'ಟೈಪ್-ಸಿ ಇದೆ ಮೇಡಂ, ಅದರಲ್ಲಿ ಎಲ್ಲಾ ಆಗುತ್ತೆ' ಅನ್ನುತ್ತಾರೆ. ನಂಬಬಹುದಾ?
– ಗೃಹಿಣಿ, ಶಿವಮೊಗ್ಗ

ಉತ್ತರ: ನಂಬಬೇಡಿ, ಕೇಳಿ. ಟೈಪ್-ಸಿ ಅನ್ನೋದು ತೂತಿನ ಆಕಾರ ಮಾತ್ರ. ಅದರ ಹಿಂದೆ ಏನಿದೆ ಅನ್ನೋದು ಕಂಪನಿಯ ಇಷ್ಟ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳ ಟೈಪ್-ಸಿಯಲ್ಲಿ ಪೆನ್‌ಡ್ರೈವ್ ನಡೆಯುತ್ತದೆ, ಚಾರ್ಜ್ ಆಗೋದಿಲ್ಲ, ಚಿತ್ರ ಬರೋದಿಲ್ಲ. ಅದಕ್ಕೆ ಎಷ್ಟು ದುಬಾರಿ ಮಾಮೂಲಿ ಎಚ್‌ಡಿಎಂಐ ಡಾಂಗಲ್ ಹಾಕಿದರೂ ಪರದೆ ಕಪ್ಪೇ. ಪಕ್ಕದ ಗುರುತು ನೋಡಿ: ಮಿಂಚಿನ ಗುರುತಿನ ಬಾಣ ಇದ್ದರೆ ಥಂಡರ್‌ಬೋಲ್ಟ್, ಸಾಮಾನ್ಯವಾಗಿ ಎಲ್ಲಾ ಆಗುತ್ತದೆ. ಇಂಗ್ಲಿಷಿನ ಡಿ, ಪಿ ಸೇರಿದಂತಿರುವ ಗುರುತು ಇದ್ದರೆ ಚಿತ್ರ ಬರುತ್ತದೆ. ಬ್ಯಾಟರಿ ಅಥವಾ ಪ್ಲಗ್ ಗುರುತು ಇದ್ದರೆ ಸಾಮಾನ್ಯವಾಗಿ ಚಾರ್ಜಿಂಗ್‌ಗೆ ಸಂಬಂಧಿಸಿದ್ದು. ಗುರುತೇ ಇಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಅದೇ ಮಾದರಿಯ ವಿವರಪಟ್ಟಿ ತೆರೆದು 'ಡಿಸ್‌ಪ್ಲೇಪೋರ್ಟ್' (ಚಿತ್ರಕ್ಕೆ), 'ಪವರ್ ಡೆಲಿವರಿ' (ಚಾರ್ಜಿಂಗ್‌ಗೆ) ಅನ್ನೋ ಪದ ಇದೆಯಾ ಅಂತ ಹುಡುಕಿ. ಅಂಗಡಿಯವರ ಬಾಯಿಮಾತಿಗಿಂತ ಅದು ಗಟ್ಟಿ.

ಟೈಪ್-ಸಿಯಲ್ಲಿ ಚಾರ್ಜ್ ಆಗುವುದನ್ನೇ ತಗೊಳ್ಳಿ, ಇದರಲ್ಲಿ ಮಾತ್ರ ನಾನು ಪೂರ್ತಿ ಹೊಸಬರ ಪಕ್ಷ. ಹಾಸ್ಟೆಲ್‌ನಲ್ಲಿ ಚಾರ್ಜರ್ ಕೆಟ್ಟರೆ ಪಕ್ಕದ ರೂಮಿನವಳದ್ದು ಆಗುತ್ತದೆ, 65 ವಾಟ್‌ನದ್ದಾದರೆ ಮಾಮೂಲಿ ಲ್ಯಾಪ್‌ಟಾಪ್‌ಗೆ ಸಾಕು. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನ್‌ಗಳಿಗೆ, 2026ರ ಏಪ್ರಿಲ್ 28ರಿಂದ ಲ್ಯಾಪ್‌ಟಾಪ್‌ಗಳಿಗೆ ಟೈಪ್-ಸಿ ಚಾರ್ಜಿಂಗ್ ಕಡ್ಡಾಯ ಅಂತ ಕಾನೂನೇ ಮಾಡಿದ್ದಾರೆ. ಅಲ್ಲಿಗೊಂದು, ಇಲ್ಲಿಗೊಂದು ಅಂತ ಕಂಪನಿಗಳು ಬೇರೆ ಬೇರೆ ಮಾದರಿ ಮಾಡುವುದು ಕಡಿಮೆ, ಹಾಗಾಗಿ ಇಲ್ಲಿಗೂ ಲಾಭ.

ಇದರ ಜೊತೆ ಒಂದು ಹಳೇ ಯುಎಸ್‌ಬಿ, ಒಂದು ಎಚ್‌ಡಿಎಂಐ, ಹೆಡ್‌ಫೋನ್ ಜಾಕ್ ಮೈಯಲ್ಲೇ ಇರಲಿ. ಕಾಲೇಜಿನ ಲ್ಯಾಬು, ಜೆರಾಕ್ಸ್ ಅಂಗಡಿ ಇನ್ನೂ ಪೆನ್‌ಡ್ರೈವ್ ಮೇಲೇ ನಡೆಯುತ್ತಿವೆ. ಲ್ಯಾನ್ ಪೋರ್ಟ್ ಇಲ್ಲದಿದ್ದರೆ ಬಿಡಿ.

ಪ್ರಶ್ನೆ: ವರ್ಕ್ ಫ್ರಮ್ ಹೋಮ್. ಹಬ್‌ಗೆ ಹಾರ್ಡ್‌ಡಿಸ್ಕ್ ಹಾಕಿದ ಕೂಡಲೇ ವೈರ್‌ಲೆಸ್ ಮೌಸ್ ತಡವರಿಸುತ್ತದೆ, ವೈಫೈ ಕೂಡ ಮಂದ. ಹಬ್ ಕೆಟ್ಟಿದೆಯಾ?
– ಬೆಂಗಳೂರು

ಉತ್ತರ: ಕೆಟ್ಟಿಲ್ಲ, ಹುಟ್ಟುಗುಣ. ಯುಎಸ್‌ಬಿ 3.0 ಡೇಟಾ ಓಡುವಾಗ ಸುತ್ತ ಹೊಮ್ಮುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಝ್ ಅಲೆಗಳ ಮೇಲೆ ಬೀಳುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ಬರೆದಿತ್ತು. ನಿಮ್ಮ ಮೌಸ್‌ನ ರಿಸೀವರ್ ಮಾತಾಡುವುದೂ ಅದೇ ಅಲೆಯಲ್ಲಿ, ಅದೂ ಹಾರ್ಡ್‌ಡಿಸ್ಕ್‌ನ ಮಗ್ಗುಲಲ್ಲೇ ಕೂತು. ರಿಸೀವರನ್ನು ಒಂದು ಎಕ್ಸ್‌ಟೆನ್ಷನ್ ಕೇಬಲ್‌ಗೆ ಹಾಕಿ ದೂರ ಇಡಿ, ಹಬ್ ಲ್ಯಾಪ್‌ಟಾಪ್‌ಗೆ ಅಂಟಿಕೊಂಡಿರುವುದು ಬೇಡ, ವೈಫೈಯನ್ನು 5 ಗಿಗಾಹರ್ಟ್ಝ್‌ಗೆ ಬದಲಿಸಿ.

ಪ್ರಶ್ನೆ: ಟೈಪ್-ಸಿ ಸಡಿಲ ಆಗಿದೆ, ಚಾರ್ಜರ್ ಒಂದು ಕೋನದಲ್ಲಿ ಹಿಡಿದರೆ ಮಾತ್ರ ಚಾರ್ಜ್. ಎರಡು ವರ್ಷದ ಲ್ಯಾಪ್‌ಟಾಪ್. ರಿಪೇರಿಯವರು ಮದರ್‌ಬೋರ್ಡ್ ಬದಲಿಸಬೇಕು, ಲ್ಯಾಪ್‌ಟಾಪ್ ಬೆಲೆಯ ಅರ್ಧ ಆಗುತ್ತದೆ ಅನ್ನುತ್ತಾರೆ.
– ಮಂಗಳೂರು

ಉತ್ತರ: ದುಡ್ಡು ಕೊಡುವ ಮೊದಲು ಟಾರ್ಚ್ ಹಾಕಿ ಒಳಗೆ ನೋಡಿ. ಬ್ಯಾಗಿನ ನೂಲು, ಧೂಳು ತಳದಲ್ಲಿ ಗಟ್ಟಿಯಾಗಿ ಕೂತಿದ್ದರೆ ಪ್ಲಗ್ ಪೂರ್ತಿ ಒಳಗೆ ಹೋಗುವುದಿಲ್ಲ, ಸಡಿಲ ಅನಿಸುತ್ತದೆ. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆದು, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಮಧ್ಯದ ತೆಳು ನಾಲಿಗೆಗೆ ಒತ್ತಬೇಡಿ, ಸೂಜಿಯಂತೂ ಬೇಡ. ಆಮೇಲೆ ಬೇರೆ ಕೇಬಲ್ ಹಾಕಿ ನೋಡಿ. ಟೈಪ್-ಸಿಯನ್ನು 10,000 ಸಲ ಹಾಕಿ ತೆಗೆಯಲು ತಾಳಬೇಕು ಅಂತ ರೂಪಿಸಿದ್ದಾರೆ, ಹಳೇ ಯುಎಸ್‌ಬಿಗೆ ಅದು 1,500. ಹಾಗಾಗಿ ಎರಡು ವರ್ಷದಲ್ಲಿ ಸವೆಯುವುದು ಅಪರೂಪ. ಮುರಿಯುವುದು ಪಕ್ಕದ ಏಟಿಗೆ, ನೇತಾಡುವ ಹಬ್‌ನ ಭಾರಕ್ಕೆ.

ನಿಜವಾಗಿಯೂ ಸಡಿಲವೇ ಆಗಿದ್ದರೆ ಒಂದು ಪ್ರಶ್ನೆ ಕೇಳಿ: ಪೋರ್ಟ್ ಬೇರೆ ಸಣ್ಣ ಬೋರ್ಡ್ ಮೇಲಿದೆಯಾ, ಮುಖ್ಯ ಬೋರ್ಡ್‌ಗೇ ಬೆಸುಗೆ ಆಗಿದೆಯಾ? ಸಣ್ಣ ಬೋರ್ಡ್ ಆದರೆ ಅದೊಂದನ್ನೇ ಬದಲಿಸಬಹುದು, ಖರ್ಚು ಕಡಿಮೆ. ಬೆಸುಗೆ ಆಗಿದ್ದರೂ ಇಡೀ ಬೋರ್ಡ್ ಎಸೆಯಬೇಕಿಲ್ಲ. ಬೋರ್ಡ್ ಮಟ್ಟದಲ್ಲಿ ಕೆಲಸ ಮಾಡುವವರು ಪೋರ್ಟನ್ನು ಮಾತ್ರ ಬಿಚ್ಚಿ ಹೊಸದು ಕೂರಿಸುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಅಂಥವರು ಸಿಗುತ್ತಾರೆ, ನಿಮ್ಮ ಊರಿನಲ್ಲೂ ಮೊಬೈಲ್ ಬೋರ್ಡ್ ರಿಪೇರಿ ಮಾಡುವ ನುರಿತವರನ್ನು ವಿಚಾರಿಸಿ. ವಾರಂಟಿ ಇದ್ದರೆ ಮಾತ್ರ ಹೊರಗೆ ಬಿಚ್ಚಿಸಬೇಡಿ. ಅಲ್ಲಿಯವರೆಗೆ ಇನ್ನೊಂದು ಟೈಪ್-ಸಿಯಲ್ಲಿ ಚಾರ್ಜ್ ಆಗುತ್ತದಾ ನೋಡಿ, ಎರಡರಲ್ಲೂ ಚಾರ್ಜ್ ಆಗುವ ಮಾದರಿಗಳು ಬೇಕಾದಷ್ಟಿವೆ.